ವಾರದ ಓಟ

ಓಟವೆಂದೊಡನೆ ಕ್ರೀಡೋತ್ಸವದ ಮೈದಾನ ನೆನಪಾಗುವುದು ಸಹಜ. ಆದರೆ ಈ ಸೆಮಿಸ್ಟರಿನಲ್ಲಿ ನಾವು ಐವರು ಬಿ.ಸಿ.ಎ. ವಿದ್ಯಾರ್ಥಿಗಳು ಓಡಿದ ಓಟ ಕುರ್ಚಿಯ ಮೇಲೆ ಕುಳಿತೇ ನಡೆದುದು. ಅದಕ್ಕೆ 'ಸ್ಪ್ರಿಂಟ್' ಎಂದು ಹೆಸರು. ತಂತ್ರಾಂಶದ ಕೆಲಸವನ್ನು ಸಣ್ಣ ಸಣ್ಣ ಅವಧಿಗಳಾಗಿ ವಿಂಗಡಿಸಿಕೊಂಡು, ಪ್ರತಿ ಅವಧಿಯ ಕೊನೆಗೂ ಕೆಲಸ ಮಾಡುವಂಥದೇನಾದರೂ ತೋರಿಸಬೇಕೆಂಬುದು ಇದರ ನಿಯಮ. 'ಸ್ಕ್ರಮ್' ಎಂಬ ಈ ಪದ್ಧತಿಯನ್ನು ಜೆಫ್ ಸದರ್ಲೆಂಡ್, ಕೆನ್ ಶ್ವೇಬರ್ ಎಂಬಿಬ್ಬರು 1995ರಲ್ಲಿ ವಿದ್ವಾಂಸರ ಸಭೆಯೊಂದರ ಮುಂದಿಟ್ಟರು. ಹೆಸರು ರಗ್ಬಿ ಆಟದಿಂದ ಬಂದುದು. ಒಂದು ಸ್ಪ್ರಿಂಟ್ ತಿಂಗಳನ್ನು ಮೀರಬಾರದೆಂದು ಅವರ ಕಟ್ಟಳೆ. ಸೆಮಿಸ್ಟರಿನ ದಿನಗಳೇ ಕಡಿಮೆಯಾದ್ದರಿಂದ ನಾವು ವಾರವನ್ನು ಆರಿಸಿಕೊಂಡೆವು.

ಕಾಲೇಜಿನ ಗ್ರಂಥಾಲಯದ ಪುಸ್ತಕಗಳನ್ನು ಹುಡುಕಿಕೊಡುವ ತಂತ್ರಾಂಶ ನಮ್ಮ ಪ್ರಾಜೆಕ್ಟು. ತಂಡವನ್ನು ನಡೆಸುವ ಹೊಣೆ ನನ್ನ ಪಾಲಿಗೆ ಬಂದಿತು. ಸೋಮವಾರ ಕೆಲಸ ಹಂಚಿಕೊಳ್ಳುವುದು. ದಿನವೂ 15 ನಿಮಿಷ ನಿಂತೇ ಮಾತನಾಡುವುದು—ನಿನ್ನೆ ಏನಾಯಿತು, ಇಂದು ಏನು, ಎಲ್ಲಿ ತೊಡಕು ಎಂದು. ಶನಿವಾರ ಗ್ರಂಥಪಾಲಕರಿಗೆ ತೋರಿಸುವುದು. ಲ್ಯಾಬಿನ ಗೋಡೆಯ ಮೇಲೆ 'ಮಾಡಬೇಕಾದ್ದು', 'ಮಾಡುತ್ತಿರುವುದು', 'ಮುಗಿದದ್ದು' ಎಂದು ಮೂರು ಸಾಲು ಚೀಟಿಗಳು.

ಎರಡನೆಯ ಶನಿವಾರ ಗ್ರಂಥಪಾಲಕರು 'ಶಿವರಾಮ ಕಾರಂತ' ಎಂದು ಟೈಪು ಮಾಡಿದರು. ಒಂದು ಪುಸ್ತಕವೂ ಬರಲಿಲ್ಲ! ರಿಜಿಸ್ಟರಿನಲ್ಲಿದ್ದುದು 'ಕಾರಂತ, ಶಿವರಾಮ' ಎಂದು. ಯಂತ್ರದ ಪಾಲಿಗೆ ಅವರು ಬೇರೆ, ಇವರು ಬೇರೆ. ಎಲ್ಲರೂ ನಕ್ಕೆವು. ಮುಂದಿನ ವಾರದ ಮೊದಲ ಚೀಟಿ ಅದೇ ಆಯಿತು. ಇದೇ ಸಂಗತಿ ಕೊನೆಯ ದಿನ ಪರೀಕ್ಷಕರ ಮುಂದೆ ಹೊರಬಿದ್ದಿದ್ದರೆ ನಗುವ ಸರದಿ ಅವರದಾಗುತ್ತಿತ್ತು.

ಈ ನಡುವೆ ಗೆಳೆಯನೊಬ್ಬನ ಚೀಟಿ ಎರಡು ವಾರವಾದರೂ ನಡುವಿನ ಸಾಲಿನಿಂದ ಕದಲಲಿಲ್ಲ. ಕೇಳಿದಾಗಲೆಲ್ಲ 'ಮುಕ್ಕಾಲು ಪಾಲು ಆಗಿದೆ' ಎನ್ನುತ್ತಿದ್ದ. ಅವನನ್ನು ತಂಡದಿಂದ ಕೈಬಿಡೋಣವೆಂಬ ಮಾತೂ ಎದ್ದಿತು. ವಾರದ ಕೊನೆಗೆ, ಕೆಲಸ ಮಾಡಿದ ರೀತಿಯನ್ನು ಹಿಂತಿರುಗಿ ನೋಡುವ ಸಭೆಯೊಂದನ್ನು ಈ ಪದ್ಧತಿ ವಿಧಿಸುತ್ತದೆ. ಅಲ್ಲಿ ನಾನು, 'ಈ ಚೀಟಿಗೆ ಏನು ಅಡ್ಡಿಯಾಗಿದೆ?' ಎಂದಷ್ಟೇ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮನೇಲಿ ಕಂಪ್ಯೂಟರ್ ಇಲ್ಲ ಕಣೋ. ನಾಲ್ಕೂವರೆ ಬಸ್ಸು ತಪ್ಪಿದರೆ ನಮ್ಮೂರಿಗೆ ಬೇರೆ ಬಸ್ಸೂ ಇಲ್ಲ' ಎಂದ.

ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರಿಗೂ ಇದು ತಿಳಿದಿರಲಿಲ್ಲ. ಅವನ ಕೆಲಸವನ್ನು ನಾಲ್ಕು ಸಣ್ಣ ಚೀಟಿಗಳಾಗಿ ಮಾಡಿದೆವು. ಮೇಷ್ಟ್ರನ್ನು ಕೇಳಿಕೊಂಡೆವು, ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನ ಒಂದು ಯಂತ್ರ ಅವನಿಗೆ ಮೀಸಲಾಯಿತು. ಮುಂದಿನ ಶನಿವಾರದೊಳಗೆ ಅವುಗಳಲ್ಲಿ ಮೂರು 'ಮುಗಿದದ್ದು' ಸಾಲಿಗೆ ಸೇರಿದವು.

ಈ ಪದ್ಧತಿಗೆ ಓಟದ ಹೆಸರಿಟ್ಟವರು ವೇಗವನ್ನು ಮೆಚ್ಚಿರಬಹುದು. ನನಗೆ ಹಿಡಿಸಿದುದು ಅದರಲ್ಲಿರುವ ನಿಲುಗಡೆ. ಮುಂದಿನ ವರ್ಷ ಪ್ರಾಜೆಕ್ಟು ಮಾಡುವ ಕಿರಿಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ: ಚೀಟಿಗಳು ಚಿಕ್ಕವಿರಲಿ, 'ಮುಗಿಯಿತು' ಎಂಬ ಮಾತನ್ನು ಬಳಸುವವರ ಬಾಯಿಂದ ಕೇಳಿರಿ, ಶನಿವಾರದ ಸಭೆಯನ್ನು ಮಾತ್ರ ಎಂದಿಗೂ ತಪ್ಪಿಸಬೇಡಿರಿ.