ಗಾಡಿ ಮಾರುವ ಮುನ್ನ ಲೆಕ್ಕ ಚುಕ್ತಾ ಆಗಲಿ

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಲೆಕ್ಕದ ಪಾಠ ಹೇಳಬೇಕಾಗಿಲ್ಲ. ವೀರ ನಿರ್ವಾಣದ ದೀಪಾವಳಿಯಲ್ಲಿ ಹೊಸ ವಹಿಗೆ ಪೂಜೆ ಮಾಡುವ ಮೊದಲು ಹಳೆಯ ವಹಿಯ ಸಣ್ಣ ಬಾಕಿಯನ್ನೂ ಹುಡುಕಿ ತೆಗೆಯುವವರು ನಾವು. ಆದರೆ ಅದೇ ಮನೆಯ ಕಾರು ಮಾರುವಾಗ ಮಾತ್ರ, ಹಣ ಕೈಗೆ ಬಂತು, ಕೀಲಿ ಕೊಟ್ಟಾಯಿತು, ವ್ಯವಹಾರ ಮುಗಿಯಿತು ಎಂದು ತಿಳಿಯುವುದು ರೂಢಿಯಾಗಿದೆ.

ನಮ್ಮ ಜತ್ತ ತಾಲೂಕಿನಲ್ಲಿ ಇದಕ್ಕೆ ಮತ್ತೊಂದು ತೊಡಕು ಉಂಟು. ಗಾಡಿಯ ದಾಖಲೆ ಸಾಂಗಲಿಯ ಆರ್.ಟಿ.ಓ. ಕಚೇರಿಯಲ್ಲಿ, ಬೀಗತನ, ಬಜಾರು ವಿಜಯಪುರದ ಕಡೆ. ಎಂ.ಎಚ್. 10ರ ಗಾಡಿಗೆ ಕೆ.ಎ. 28ರ ಊರಿನಿಂದ ಗಿರಾಕಿ ಬರುವುದು ಸಹಜ.

ನಮ್ಮ ಕಾರಿಗೂ ಹಾಗೆಯೇ ವಿಜಯಪುರದ ಸಂಬಂಧಿಕರ ಹುಡುಗನೊಬ್ಬ ಗಿರಾಕಿಯಾಗಿ ಬಂದ. ಬೆಲೆ ಕುದುರಿತು. ಆಮೇಲೆ ಅವನೆಂದ: "ಮಾಮಾ, ನಂಬರ್ ಇದ್ದಂಗ ಇರಲಿ. ಫಾರ್ಮಿಗೆ ಸಹಿ ಮಾಡಿ ಕೊಡ್ರಿ, ತಾರೀಖು ನಾ ಹಾಕ್ಕೋತೀನಿ. ಅಲ್ಲಿ ಮತ್ತ ಟ್ಯಾಕ್ಸ್ ಯಾರು ಕಟ್ಟಬೇಕ್ರೀ?" ಅವನಲ್ಲಿ ಕಪಟವಿರಲಿಲ್ಲ. ಎಲ್ಲರೂ ಮಾಡುವುದನ್ನೇ ಅವನು ಹೇಳಿದ. ನಾನು ಒಪ್ಪಲಿಲ್ಲ. "ಸಂಬಂಧದಾಗ ಇಷ್ಟು ಕಾಗದ ಯಾಕ?" ಎಂದು ಮನೆಯಲ್ಲೂ ಮಾತು ಬಂತು.

ಒಪ್ಪದಿರಲು ಎರಡು ಕಾರಣ. ಮೊದಲನೆಯದು ಕಾನೂನು. ಮಾರಿದ ಮೇಲೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದ ಕಾರು ಅಪಘಾತಕ್ಕೆ ಮೊದಲೇ ಒಬ್ಬರಿಂದೊಬ್ಬರಿಗೆ ಕೈ ಬದಲಾಯಿಸಿತ್ತು. ಆದರೂ ಮೊದಲಿನವರು ಹೊಣೆಯಿಂದ ಪಾರಾಗಲಿಲ್ಲ. ನಮ್ಮ ವಹಿಯಿಂದ ಹೋದ ಮಾಲು ಇನ್ನೊಬ್ಬರ ವಹಿಯಲ್ಲಿ ಜಮೆ ಆಗದಿದ್ದರೆ ಬಾಕಿ ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ಎರಡನೆಯದು ಧರ್ಮ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳ ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯಾಣುವ್ರತಕ್ಕೆ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಒಂದು ಅತಿಚಾರ. ಅಚೌರ್ಯಾಣುವ್ರತಕ್ಕೆ ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ಒಂದು ಅತಿಚಾರ. ಬರಿ ಕಾಗದಕ್ಕೆ ಸಹಿ ಹಾಕಿ ಬೇಕಾದ ತಾರೀಖು ಬರೆದುಕೊಳ್ಳಲು ಬಿಡುವುದು ಮೊದಲನೆಯದಕ್ಕೆ ದಾರಿ. ಕಟ್ಟಬೇಕಾದ ತೆರಿಗೆ ತಪ್ಪಿಸುವುದು ಎರಡನೆಯದಕ್ಕೆ. ತೂಕದಲ್ಲಿ ಗುಂಜಿ ಕಡಿಮೆಯಾಗದಂತೆ ನೋಡಿಕೊಳ್ಳುವ ನಾವು ಇಲ್ಲಿ ಕಣ್ಣು ಮುಚ್ಚುವುದೇಕೆ?

ಇನ್ನು ಮಾಡಬೇಕಾದ ಕೆಲಸ. ಬ್ಯಾಂಕಿನ ಸಾಲವಿದ್ದರೆ ತೀರಿಸಿ, 35ನೇ ನಮೂನೆ ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಪೊಲೀಸ್ ದಂಡದ ಚಲನ್ ಬಾಕಿ ಇದ್ದರೆ ಕಟ್ಟಬೇಕು. 15 ವರ್ಷ ಮೀರಿದ ಕಾರಾದರೆ ನೋಂದಣಿ ನವೀಕರಿಸಿ ಮಹಾರಾಷ್ಟ್ರದ ಪರಿಸರ ತೆರಿಗೆ ಕಟ್ಟಿರಬೇಕು. ಹೊರರಾಜ್ಯಕ್ಕೆ ಹೋಗುವುದಾದರೆ 28ನೇ ನಮೂನೆಯಲ್ಲಿ ಎನ್.ಓ.ಸಿ. ಪಡೆಯಬೇಕು. ಮಾರಾಟದ ವರದಿ 29ನೇ ನಮೂನೆಯಲ್ಲಿ, ವರ್ಗಾವಣೆಯ ಅರ್ಜಿ 30ನೇ ನಮೂನೆಯಲ್ಲಿ. ಮಾರುವವನು ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ತಿಳಿಸಬೇಕು; ಕೊಂಡವನಿಗೆ 30 ದಿನ. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು.

ಆ ಹುಡುಗನ ಮಾತಿನಲ್ಲೂ ಒಂದು ನ್ಯಾಯವಿತ್ತು. ಮಹಾರಾಷ್ಟ್ರದಲ್ಲಿ ಒಮ್ಮೆ ಕಟ್ಟಿದ ತೆರಿಗೆ ಕರ್ನಾಟಕದಲ್ಲಿ ನಡೆಯುವುದಿಲ್ಲ. ಗಾಡಿಯ ವಯಸ್ಸು ನೋಡಿ ಅಲ್ಲಿ ಬೇರೆ ಕಟ್ಟಬೇಕು. ಆದರೆ ರಾಜ್ಯ ಬಿಟ್ಟು ಹೋದ ಗಾಡಿಗೆ ಉಳಿದ ಅವಧಿಯ ತೆರಿಗೆಯನ್ನು ಮರಳಿ ಕೇಳಲು ಮಹಾರಾಷ್ಟ್ರದ ಕಾಯ್ದೆಯಲ್ಲಿ ಅವಕಾಶವಿದೆ. ಅರ್ಜಿ ಹಾಕಿದವರಿಗೆ ಮಾತ್ರ ಅದು ಸಿಗುತ್ತದೆ. ಇದನ್ನು ತಿಳಿಸಿ, ಅವನು ಕಟ್ಟುವ ತೆರಿಗೆಯ ಅರ್ಧದಷ್ಟನ್ನು ನಾನು ಬೆಲೆಯಲ್ಲಿ ಬಿಟ್ಟುಕೊಟ್ಟೆ. ಎನ್.ಓ.ಸಿ. ಬಂದ ಮೇಲೆಯೇ ಕೀಲಿ ಕೊಟ್ಟೆ. ಸಂಬಂಧ ಉಳಿಯಲೆಂದೇ ಕಾಗದ ಬೇಕು ಎಂಬುದು ಮನೆಯವರಿಗೂ ಒಪ್ಪಿಗೆಯಾಯಿತು.

ಹಳೆ ಕಾರುಗಳ ವ್ಯಾಪಾರಿಗೆ ಕೊಡುವವರೂ ಎಚ್ಚರದಿಂದಿರಬೇಕು. 2023ರ ಏಪ್ರಿಲ್ 1ರಿಂದ ಅಧಿಕೃತ ವ್ಯಾಪಾರಿಗೆ ಗಾಡಿ ಒಪ್ಪಿಸಿದ್ದನ್ನು 29ಸಿ ನಮೂನೆಯಲ್ಲಿ ತಿಳಿಸುವ ವ್ಯವಸ್ಥೆ ಬಂದಿದೆ. ಆಗ ಹೊಣೆ ಅವನಿಗೆ ಸೇರುತ್ತದೆ.

ಕೊನೆಗೊಂದು ವಿನಂತಿ. ನಮ್ಮ ಎಷ್ಟೋ ಮನೆಗಳಲ್ಲಿ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಗಾಡಿಗಳು ಓಡುತ್ತಿವೆ. ನಿಧನದ ವಿಷಯವನ್ನು 30 ದಿನದಲ್ಲಿ ತಿಳಿಸಿ, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರು ಅರ್ಜಿ ಕೊಡಬೇಕೆಂದು ನಿಯಮವಿದೆ. ಹಿರಿಯರ ಹೆಸರಿಗೆ ಬಾಕಿ ಉಳಿಸದಿರುವುದೂ ಅವರಿಗೆ ಸಲ್ಲಿಸುವ ಗೌರವವೇ. ಈ ವಾರ ಒಮ್ಮೆ ಮನೆಯ ಆರ್.ಸಿ.ಗಳನ್ನು ತೆಗೆದು ನೋಡಿರಿ.