ನಡುರಾತ್ರಿಯ ಬಾಗಿಲು, ಹಾನಗಲ್ಲಿನ ಹೆಸರು

ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳದ ದೈತ್ಯ ಮರಗಳು ನಿಜಕ್ಕೂ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಐದಾರು ಮಂದಿ ಕೈಕೈ ಹಿಡಿದು ನಿಂತರೂ ಬುಡ ತೆಕ್ಕೆಗೆ ಸಿಗದು. ಯಾವ ಕಾಲದಲ್ಲೋ ಯಾರೋ ತಂದು ನೆಟ್ಟರು. ಊರವರು ಕಾಯಿ ನೋಡಿದರು, ಹುಳಿ ಹತ್ತಿತು, ದೊಡ್ಡ ಹುಣಸೆ ಎಂದು ಕರೆದು ತಮ್ಮದಾಗಿಸಿಕೊಂಡರು. ಪರದೇಶದ ಹಾಡುಗಳೂ ನಮ್ಮ ಕಡೆ ಹೀಗೇ ಬೇರು ಬಿಡುತ್ತವೆ.

ಹಿರೇಕೆರೂರಿನಲ್ಲಿ ನನ್ನ ತಂಗಿಯ ಮಗಳು ಬಿ.ಎ. ಓದುತ್ತಿದ್ದಾಳೆ. ಬಸ್ಸಿನಲ್ಲಿ ಕೂತರೆ ಇಯರ್‌ಫೋನಿನ ಒಂದು ಎಳೆ ಅವಳ ಕಿವಿಗೆ, ಇನ್ನೊಂದು ಗೆಳತಿಯ ಕಿವಿಗೆ. ಇಬ್ಬರ ತಲೆಯೂ ಒಂದೇ ತಾಳಕ್ಕೆ ಆಡುತ್ತಿರುತ್ತದೆ.

“ಏನ ಕೇಳಾಕತ್ತೀರವ್ವಾ?”

“ಜಪಾನಿ ಹಾಡು, ಮಾಮಾ. ಪ್ರೀತೀದು.”

“ತಿಳಿತೈತೇನು?”

“ಮಾತು ತಿಳಿಯಂಗಿಲ್ಲ. ಆಕಿ ಯಾರನ್ನೋ ನೆನಸಾಕತ್ತಾಳ ಅನ್ನೂದು ತಿಳಿತೈತಿ.”

ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಯಿತು. ಹಾಡು ಹೇಳುವುದೂ ಅದನ್ನೇ.

ಅದು ಮಿಕಿ ಮಾತ್ಸುಬಾರಾ ಹಾಡಿದ ‘ಮಾಯೊನಾಕಾ ನೊ ದೊಆ’, ಅಂದರೆ ನಡುರಾತ್ರಿಯ ಬಾಗಿಲು. 1979ರ ನವೆಂಬರಿನಲ್ಲಿ ಬಂದ ಹಾಡು. ಜಾಝ್ ಗಾಯಕಿಯ ಮಗಳಾದ ಮಿಕಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ರಾಗ ಹಾಕಿದವರು ತೆತ್ಸುಜಿ ಹಾಯಾಶಿ, ಬರೆದವರು ಯೋಶಿಕೊ ಮಿಯುರಾ ಎಂಬ ಹೆಣ್ಣುಮಗಳು. ಗೆಳೆಯ ದೂರಾಗಿದ್ದಾನೆ, ರೆಕಾರ್ಡಿನ ಮುಳ್ಳು ಅದದೇ ರಾಗವನ್ನು ಸುತ್ತುತ್ತಿದೆ, ಇವಳು ಹಿಂದಿನದನ್ನು ನೆನೆಯುತ್ತಿದ್ದಾಳೆ. ಮಾತು ಅಳುವಂಥದ್ದು, ತಾಳ ಮಾತ್ರ ಕುಣಿಸುವಂಥದ್ದು. ಈ ಜೋಡಣೆಯೇ ಹಾಡಿನ ಜೀವ. ಹರೆಯದ ದುಃಖ ಕೂತು ಅಳುವುದಿಲ್ಲ, ಓಡಾಡುತ್ತಲೇ ಅಳುತ್ತದೆ.

ಮಿಕಿ 2004ರಲ್ಲಿ, ನಲವತ್ನಾಲ್ಕನೆಯ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡರು. ಹಾಡು ಲೋಕವೆಲ್ಲ ಸುತ್ತಿದ್ದು 2020ರ ಕೊನೆಗೆ. ಹೊರದೇಶಗಳಲ್ಲಿ ಬೆಳೆದ ಹುಡುಗರು ತಮ್ಮ ಜಪಾನಿ ತಾಯಂದಿರ ಮುಂದೆ ಅದನ್ನು ಹಚ್ಚಿ, ಅವರ ಮುಖ ಅರಳುವುದನ್ನು ಟಿಕ್‌ಟಾಕಿಗೆ ಹಾಕಿದರು. ಕೆಲಸದ ನಡುವೆ ಇದ್ದ ತಾಯಿ ಮೊದಲ ಸಾಲಿಗೇ ತಿರುಗಿ, ಮೈಮರೆತು ಹಾಡತೊಡಗುತ್ತಾಳೆ. ನಮ್ಮಲ್ಲಿ ಟಿಕ್‌ಟಾಕ್ ಅದೇ ವರ್ಷ ಜೂನಿನಲ್ಲಿ ನಿಂತಿತ್ತು. ಆದರೂ ಯೂಟ್ಯೂಬು, ಇನ್‌ಸ್ಟಾಗ್ರಾಮಿನ ದಾರಿ ಹಿಡಿದು ಹಾಡು ಹಿರೇಕೆರೂರಿನ ಬಸ್ಸು ಹತ್ತಿತು. ತಾಯಿಗೂ ಒಂದು ಹರೆಯವಿತ್ತು ಎಂದು ಮಕ್ಕಳು ಒಂದು ಹಾಡಿನಿಂದ ಕಂಡುಕೊಂಡದ್ದು ನನಗೆ ಬಹಳ ದೊಡ್ಡದೆನಿಸುತ್ತದೆ.

ನಮ್ಮ ಸೀಮೆಯಲ್ಲಿ ಹೆಣ್ಣಿನ ಪ್ರೀತಿಯನ್ನು ಹಾಡಿದವರು ಯಾರು? ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ‘ಮೋಹನ ತರಂಗಿಣಿ’ಯಲ್ಲಿ ಉಷೆ–ಅನಿರುದ್ಧರ ಪ್ರೇಮವನ್ನು ಹೇಳಿದರು. ಕನಸಿನಲ್ಲಿ ಕಂಡವನಿಗೆ ಮನಸೋತ ಹುಡುಗಿ ಉಷೆ. ಅದೇ ತಾಲೂಕಿನ ಶಿಶುನಾಳ ಶರೀಫರು ಕೆಲವು ತತ್ವಪದಗಳಲ್ಲಿ ಹೆಣ್ಣಾಗಿ ನುಡಿದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ಗೋಕಾಕರು ವಿನಾಯಕರೆಂಬ ಹೆಸರಿನಲ್ಲಿ ಭಾವಗೀತೆ ಬರೆದರು. ಎಲ್ಲರೂ ದೊಡ್ಡವರು, ಎಲ್ಲರೂ ಗಂಡಸರು. ಹೆಂಗಸರು ಬೀಸುವ ಕಲ್ಲಿನ ಮುಂದೆ ತವರನ್ನು, ಅಣ್ಣತಮ್ಮಂದಿರನ್ನು, ತೊಟ್ಟಿಲ ಕೂಸನ್ನು ಹಾಡಿಕೊಂಡರು. ಗಂಡನನ್ನೂ ಹಾಡಿದರು, ಆದರೆ ದನಿ ಹಿತ್ತಲು ದಾಟುತ್ತಿರಲಿಲ್ಲ.

ಅದನ್ನು ದಾಟಿಸಿದ್ದು ಗ್ರಾಮಫೋನು. ಹಾಗೆ ದಾಟಿದ ದನಿಗಳಲ್ಲಿ ಒಂದು ಹಾನಗಲ್ಲಿನ ಹೆಸರು ಹೊತ್ತಿತ್ತು.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ಹಾನಗಲ್ಲು ಮನೆತನದ ಊರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ಅವಳ ಕಿವಿಯಲ್ಲಿ ಎರಡು ಪದ್ಧತಿ ಕಲಸಿಹೋಗಬಾರದೆಂದು ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಇದನ್ನು ತ್ಯಾಗವೆಂದು ಎಲ್ಲರೂ ಹೊಗಳುತ್ತಾರೆ. ನನಗೆ ನೋವಾಗುತ್ತದೆ. ಅಂಬಾಬಾಯಿಯ ಕೊರಳು ಹೇಗಿತ್ತೆಂದು ನಾವು ಕೇಳಲೇಬೇಕಿತ್ತು. ಹಾಡುವವಳು ಎಂದು ಬೀದಿಯಲ್ಲಿ ಮೂದಲಿಸುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ, 1930ರ ದಶಕದಲ್ಲಿ, ಇಪ್ಪತ್ತರ ಆಸುಪಾಸಿನ ಗಂಗೂಬಾಯಿ ಮುಂಬೈಗೆ ಹೋಗಿ ಎಚ್‌ಎಂವಿ ಕಂಪನಿಗೆ ಹಾಡಿದರು. ಗ್ರಾಮಫೋನು ತಟ್ಟೆಯ ಮೇಲೆ ಬಂದ ಹೆಸರು ಗಾಂಧಾರಿ ಹಾನಗಲ್. ಜಿ.ಎನ್. ಜೋಶಿಯವರ ಜೊತೆ ಮರಾಠಿ ಪ್ರೇಮಗೀತೆಗಳನ್ನು ಜೋಡಿಯಾಗಿ ಹಾಡಿದರು. ಆ ದನಿ ಎಳೆಯದು, ಎತ್ತರದ್ದು, ಸಣ್ಣಗೆ ಹೊಳೆಯುವಂಥದ್ದು. ಮುಂದೆ ನಾವು ಕಂಡ ಗಂಗೂಬಾಯಿಯನ್ನು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. 1945ರ ನಂತರ ಅವರು ಲಘು ಸಂಗೀತ ಬಿಟ್ಟು ಖಯಾಲಿಗೆ ನಿಂತರು. ಖಯಾಲಿನ ಹಿರಿಮೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಮೊದಲ ತಟ್ಟೆಗಳನ್ನು ಎಳೆತನದ ಆಟವೆಂದು ಬದಿಗಿಡುವವರ ಮಾತು ಒಪ್ಪಲಾರೆ. ಒಬ್ಬ ಹುಡುಗಿ ತನ್ನದೇ ಕೊರಳಲ್ಲಿ, ತನ್ನ ಊರಿನ ಹೆಸರು ಹಾಕಿಕೊಂಡು, ಪ್ರೀತಿಯನ್ನು ಹಾಡಿದಳು. ಅದು ಸಣ್ಣ ಸಂಗತಿಯಲ್ಲ.

ಕೊರಳಿನ ಮಾತು ಬಂದದ್ದರಿಂದ ಗಂಗೂಬಾಯಿಯವರ ಜೊತೆ ಇನ್ನೊಬ್ಬ ಗಾಯಕಿಯನ್ನು ನೆನೆಯಬೇಕು. ಟಾನ್ಸಿಲ್‌ಗೆ ಮಾಡಿಸಿದ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ತಗ್ಗಿ, ಗಂಡಸಿನ ದನಿಯಷ್ಟು ಗಡುಸಾಯಿತು. ಅವರು ಅದನ್ನೇ ಆಸ್ತಿ ಮಾಡಿಕೊಂಡರು. ಜಪಾನಿನ ಕೇಯಿಕೊ ಫುಜಿ ಹದಿಹರೆಯದಲ್ಲೇ ಒರಟು ತಗ್ಗುದನಿಯಿಂದ ಎಂಕಾ ಎಂಬ ದುಃಖದ ಹಾಡುಗಳನ್ನು ಹಾಡಿ ದೇಶವನ್ನು ಗೆದ್ದವರು. 1974ರಲ್ಲಿ ಗಂಟಲಿನ ಪಾಲಿಪ್ ತೆಗೆಸಿದ ಮೇಲೆ ದನಿ ತಿಳಿಯಾಯಿತು. ಆ ತಿಳಿತನದಲ್ಲಿ ತಮ್ಮನ್ನೇ ಕಳೆದುಕೊಂಡಂತೆ ಅವರಿಗೆ ಅನ್ನಿಸಿತು. 1979ರ ಕೊನೆಗೆ, ಮಿಕಿಯ ಹಾಡು ಆಗಷ್ಟೇ ಅಂಗಡಿಗೆ ಬಂದಿದ್ದಾಗ, ಫುಜಿ ವೇದಿಕೆ ಬಿಟ್ಟರು. ಮುಂದೆ ಮರಳಿದರು ನಿಜ, ಆ ಮೊದಲಿನ ಕೊರಳು ಮರಳಲಿಲ್ಲ. ಹೆಣ್ಣಿನ ದನಿ ಇಂಪಾಗಿಯೇ ಇರಬೇಕೆನ್ನುವವರು ಈ ಇಬ್ಬರನ್ನೂ ಕೂತು ಕೇಳಲಿ.

ಹಾನಗಲ್ಲಿನ ಕಾಲೇಜಿನ ಹುಡುಗ ಹುಡುಗಿಯರು ಒಂದು ಸಂಜೆ ಕೇಳಲು ಕೂತರೆ ಮೊದಲು ಅವರಿಗೆ ಗೊತ್ತಿರುವ ನಡುರಾತ್ರಿಯ ಬಾಗಿಲನ್ನೇ ಹಚ್ಚುತ್ತೇನೆ. ಆಮೇಲೆ ಫುಜಿ. ಆಮೇಲೆ ಹೆಸರು ಹೇಳದೆ, ಜೋಶಿಯವರ ಜೊತೆಗಿನ ಆ ಜೋಡಿಹಾಡು. ಅದು ಮುಗಿದ ಕೂಡಲೇ, ಮತ್ತೆ ಹೆಸರು ಹೇಳದೆ, ಗಂಗೂಬಾಯಿಯವರ ಇಳಿವಯಸ್ಸಿನ ಒಂದು ಖಯಾಲು. ಎರಡೂ ಒಬ್ಬರದೇ ದನಿ, ಅವರ ಹೆಸರಿನಲ್ಲಿರುವುದು ನಿಮ್ಮ ಊರು ಎಂದು ತಿಳಿಸುವುದು ಅದಾದ ಮೇಲೆ.