ನಾಮಕರಣ ಮುಂದೂಡಲಾಗಿದೆ

ಅಗರ್ ತಟ್ಟೆಯ ಮೇಲೆ ಹಳದಿ ಚುಕ್ಕೆಯೊಂದು ಒಂಟಿಯಾಗಿ ಎದ್ದಿತೆಂದರೆ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಹೊಳೆಯುವುದು ಹೆಸರು. ಈವರೆಗೆ ಯಾರ ಕಣ್ಣಿಗೂ ಬೀಳದ ಜೀವಿಯೇ ಇದಾಗಿದ್ದರೆ? ನಮ್ಮ ತೋಟದ ಮಣ್ಣಿನಿಂದ ಎದ್ದ ಚುಕ್ಕೆಗೆ ನಾನಂತೂ ಊರಿನ ಹೆಸರನ್ನೇ ಆರಿಸಿ, ಅದರ ಬಾಲಕ್ಕೆ 'ಆ ಊರಿನದು' ಎನ್ನುವ ಲ್ಯಾಟಿನ್‌ನ 'ಎನ್ಸಿಸ್' ಅಂಟಿಸಿ, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೂ ನೋಡಿದ್ದೆ. ಸ್ವಂತ ಹೆಸರಿಟ್ಟುಕೊಳ್ಳುವುದು ನಿಯಮಾವಳಿಗೆ ಸಮ್ಮತವಲ್ಲ. ಇಲ್ಲದಿದ್ದರೆ ಊರಿನ ನೆನಪು ಬರುತ್ತಿತ್ತೋ ಇಲ್ಲವೋ.

ಹೆಸರಿಗೆ ಮುಂಚೆ ವಿಚಾರಣೆಯಿದೆ, ಬೀಗರು ವರನನ್ನು ವಿಚಾರಿಸಿದ ಹಾಗೆ. ಮೊದಲು ಬಣ್ಣ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ತೋರಿಸಿದ ದಾರಿಯಲ್ಲಿ ನೇರಳೆ ಹಚ್ಚಿ, ಅಯೋಡಿನ್ ಹಾಕಿ, ಆಲ್ಕೊಹಾಲಿನಲ್ಲಿ ತೊಳೆದು, ಕೊನೆಗೆ ಕೆಂಪು ಬಣ್ಣ ಕೊಡುವುದು. ಕೋಶಭಿತ್ತಿ ದಪ್ಪಗಿದ್ದವರು ನೇರಳೆಯಾಗಿಯೇ ಉಳಿಯುತ್ತಾರೆ, ತೆಳುವಿನವರು ಗುಲಾಬಿಯಾಗುತ್ತಾರೆ. ಆಮೇಲೆ ಊಟ: ಗ್ಲೂಕೋಸ್ ಸೇರುತ್ತದೆಯೆ, ಲ್ಯಾಕ್ಟೋಸ್ ಆಗುತ್ತದೆಯೆ, ಉಪ್ಪು ಎಷ್ಟು ತಡೆದೀತು, ಸೆಕೆ ಎಷ್ಟು? ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಟ್ಟರೆ ನೊರೆ ಬರುತ್ತದೆಯೆ? ನನ್ನ ಚುಕ್ಕೆ ಎಲ್ಲಕ್ಕೂ ಚಂದವಾಗಿ ಉತ್ತರಿಸಿತು. ನೊರೆಯಂತೂ ಧಾರಾಳ.

ಉಳಿದದ್ದು 16ಎಸ್ ಆರ್‌ಆರ್‌ಎನ್‌ಎ ವಂಶವಾಹಿ, ಸುಮಾರು 1,500 ಅಕ್ಷರಗಳದು. ಗೊತ್ತಿರುವ ಪ್ರಭೇದಗಳೊಂದಿಗೆ ಹೋಲಿಕೆ ಶೇ 98.7ಕ್ಕಿಂತ ಕಡಿಮೆಯಾದರೆ ಆಸೆಗೆ ಜೀವ ಬರುತ್ತದೆ. ಹೆಚ್ಚಾದರೆ ಇಡೀ ಜೀನೋಮನ್ನೇ ಹೋಲಿಸಿ, ಶೇ 95–96ರ ಗೆರೆಯ ಯಾವ ಕಡೆ ಎಂದು ನೋಡಬೇಕು. ನನ್ನದು ಎರಡರಲ್ಲೂ ಹಳೆಯ ಮನೆತನಕ್ಕೇ ಸೇರಿತು. ನಾನು ಹುಟ್ಟುವ ಎಷ್ಟೋ ಮುಂಚೆ ಯಾರೋ ಅದಕ್ಕೆ ಹೆಸರಿಟ್ಟು ಮುಗಿಸಿದ್ದರು. ನಮ್ಮೂರು ಜಿಲ್ಲಾ ನಕ್ಷೆಯಲ್ಲೂ ಸರಿಯಾಗಿ ಕಾಣುವುದಿಲ್ಲ. ಲ್ಯಾಟಿನ್‌ನಲ್ಲಾದರೂ ಇರಲಿ ಎಂಬುದು ನನ್ನ ಆಸೆಯಾಗಿತ್ತು.

ಸಮಾಧಾನಕ್ಕೆಂದು, ಹೆಸರು ದಕ್ಕಿಸಿಕೊಂಡವರ ಕತೆ ಓದಿದೆ. ಹೈದರಾಬಾದಿನಿಂದ ಹಾರಿಸಿದ ಬಲೂನು 20ರಿಂದ 41 ಕಿ.ಮೀ. ಎತ್ತರದ ಗಾಳಿಯನ್ನು ಕೊಳವೆಗಳಲ್ಲಿ ಹಿಡಿದು ತಂದಿತ್ತು. ಅದರಲ್ಲಿ ಸಿಕ್ಕ ಮೂರು ಬ್ಯಾಕ್ಟೀರಿಯಾಗಳಿಗೆ 2009ರಲ್ಲಿ ಹೊಸ ಹೆಸರು ಬಂತು: ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ನೆನಪಿಗೆ ಜ್ಯಾನಿಬ್ಯಾಕ್ಟರ್ ಹಾಯ್ಲಿಯೈ, ಇಸ್ರೋಗೆ ಬ್ಯಾಸಿಲಸ್ ಇಸ್ರೋನೆನ್ಸಿಸ್, ಆರ್ಯಭಟನಿಗೆ ಬ್ಯಾಸಿಲಸ್ ಆರ್ಯಭಟ್ಟೈ. ನನಗೆ ತಪ್ಪಿದ 'ಎನ್ಸಿಸ್' ಇಸ್ರೋಗೆ ಸಿಕ್ಕಿತಲ್ಲ, ಹೇಗೂ ನಮ್ಮ ಬೆಂಗಳೂರಿನದೇ ಎಂದು ಹೊಟ್ಟೆಕಿಚ್ಚನ್ನು ಹೆಮ್ಮೆ ಮಾಡಿಕೊಂಡೆ.

ಆ ಹೆಮ್ಮೆಯೂ ನೆಟ್ಟಗೆ ನಿಲ್ಲಲಿಲ್ಲ. ಇಸ್ರೋದ ಬ್ಯಾಕ್ಟೀರಿಯಾವನ್ನು ಕೆಲವೇ ವರ್ಷಗಳಲ್ಲಿ ಬ್ಯಾಸಿಲಸ್ ಕುಲದಿಂದ ಎಬ್ಬಿಸಿ ಸೋಲಿಬ್ಯಾಸಿಲಸ್ ಕುಲದಲ್ಲಿ ಕೂರಿಸಿದರು. 2019ರಲ್ಲಿ ಒಂದು ತಂಡ, ಆರ್ಯಭಟ್ಟೈ ಬೇರೆ ಯಾರೂ ಅಲ್ಲ, ಡಿ ಬ್ಯಾರಿ ಎಂಬ ವಿಜ್ಞಾನಿ 1884ರಲ್ಲೇ ಹೆಸರಿಟ್ಟ ಬ್ಯಾಸಿಲಸ್ ಮೆಗಾಟೀರಿಯಮ್ ಎಂದಿತು. ಗ್ರಾಮ್ ಬಣ್ಣ ಹಚ್ಚಿದ್ದೂ ಅದೇ ವರ್ಷ, ನೋಡಿ. 2020ರಲ್ಲಿ ಇನ್ನೊಂದು ತಂಡ ಇಬ್ಬರನ್ನೂ ಪ್ರೀಸ್ಟಿಯ ಎಂಬ ಹೊಸ ಕುಲಕ್ಕೆ ಕರೆದೊಯ್ದು, ಬೇರೆ ಬೇರೆ ಪ್ರಭೇದಗಳಾಗಿಯೇ ಉಳಿಸಿತು. ಇಷ್ಟೆಲ್ಲ ನಡೆಯುವಾಗ ಆರ್ಯಭಟ್ಟೈ ಚಂಡೀಗಢದಲ್ಲೂ ಜಪಾನಿನಲ್ಲೂ ಸಂಗ್ರಹಾಲಯದ ತಂಪಿನಲ್ಲಿ ಮಲಗಿತ್ತು. ಹೆಸರು ಊರ್ಜಿತವಾಗಬೇಕಾದರೆ ಎರಡು ದೇಶಗಳಲ್ಲಿ ಅದರ ಮಾದರಿ ತಳಿಯನ್ನು ಇಡಲೇಬೇಕು.

ನಿಮಗೇನಾದರೂ ಹೊಸ ಬ್ಯಾಕ್ಟೀರಿಯಾ ಸಿಕ್ಕರೆ ಧಾರಾಳವಾಗಿ ಮಾವನವರ ಹೆಸರನ್ನೇ ಇಡಿ. ಆದರೆ ಅಭಿನಂದನಾ ಸಮಾರಂಭದ ಕಾರ್ಡು ಮಾತ್ರ ಈಗಲೇ ಅಚ್ಚು ಹಾಕಿಸಬೇಡಿ.